ಕುರಿಗಳಿಗೆ ಆಟ ಗೊತ್ತಿರಲಿಲ್ಲ

ಆ ದಿನಗಳಲ್ಲಿ ಚಳ್ಳಕೆರೆಯ ನಮ್ಮ ಶಾಲೆಯವರು ನಾಯಕರನ್ನು ಕೈ ಎತ್ತಿಸಿ ಆರಿಸುವುದನ್ನು ಬಿಟ್ಟು, ಶಿಬಿರಕ್ಕೆ ಕರೆದೊಯ್ದು ಆರಿಸಲು ಶುರುಮಾಡಿದ್ದರು. ‘ಆ ದಿನಗಳು’ ಎಂದು ಬರೆದ ಕೂಡಲೇ ನನಗೇ ಅನುಮಾನ. ಇದ್ದದ್ದು ಎರಡೇ ದಿನ. ಅದರಲ್ಲಿ ನಿಜವಾಗಿ ನೆನಪಿರುವುದು ಒಂದು ಗಂಟೆ. ಉಳಿದದ್ದನ್ನು ಆಮೇಲೆ ಬೇರೆಯವರು ಹೇಳಿ ತುಂಬಿದ್ದಾರೆ, ನಾನೂ ಧಾರಾಳವಾಗಿ ತುಂಬಿಕೊಂಡಿದ್ದೇನೆ.

ನಾನಾಗ ಹತ್ತನೇ ಕ್ಲಾಸು. ನನಗೆ ಶಾಲೆಯ ನಾಯಕಿ ಆಗಬೇಕಿತ್ತು. ಇದೊಂದು ಮಾತ್ರ ಖಚಿತ. ಆಗಸ್ಟ್ ಹದಿನೈದರಂದು ‘ಸಾವಧಾನ್’ ಎಂದು ಒಬ್ಬರು ಕೂಗಿದರೆ ಇಡೀ ಶಾಲೆಯ ಹಿಮ್ಮಡಿಗಳು ಒಟ್ಟಿಗೆ ಬಡಿಯುತ್ತವಲ್ಲ, ಆ ಸದ್ದನ್ನು ನಾನು ಎಬ್ಬಿಸಬೇಕಿತ್ತು. ಅಪ್ಪನ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲಗಳ ಮುಂದೆ ನಿಂತು ಕೂಗಿ ಕೂಗಿ ಅಭ್ಯಾಸ ಮಾಡಿದ್ದೆ. ಚೀಲಗಳು ಒಂದಿಷ್ಟೂ ಅಲುಗಾಡದೆ ಶಿಸ್ತು ತೋರಿಸಿದ್ದವು.

ಹೊರಡುವ ಬೆಳಿಗ್ಗೆ ಅವ್ವ ಚಿತ್ರಾನ್ನದ ಡಬ್ಬಿ ಕಟ್ಟುತ್ತಾ ಕೇಳಿದಳು: “ವಾಪಸ್ ಲೀಡರ್ ಆಗಿ ಬರ್ತೀಯೋ, ಬರೀ ಗಿರಿಜಾ ಆಗಿ ಬರ್ತೀಯೋ?”

“ಲೀಡರ್ ಆಗೇ ಬರ್ತೀನಿ.”

“ಹಂಗಾದ್ರೆ ಡಬ್ಬಿ ಮರೀಬೇಡ. ದೊಡ್ಡೋರಾದೋರು ಮೊದ್ಲು ಡಬ್ಬಿ ಮರೀತಾರೆ.”

ಶಿಬಿರ ಇದ್ದದ್ದು ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ದೇವಸಮುದ್ರದ ಆಚೆ, ಮಕ್ಕಳಿಲ್ಲದೆ ಮುಚ್ಚಿದ್ದ ಒಂದು ಶಾಲೆಯ ಬಯಲಿನಲ್ಲಿ. ಸುತ್ತ ಬಂಡೆಗುಡ್ಡ, ಮೊಳಕಾಲುದ್ದದ ಹುಲ್ಲು, ಆಷಾಢದ ಗಾಳಿ. ಗಾಳಿ ನೆನಪಿನಲ್ಲಿದೆಯೋ, ಜುಲೈ ತಿಂಗಳಾದ್ದರಿಂದ ಇದ್ದಿರಲೇಬೇಕು ಎಂದು ಬರೆಯುತ್ತಿದ್ದೇನೋ ಹೇಳಲಾರೆ. ಆದರೆ ಮುಂದೆ ಆದದ್ದು ಗಾಳಿಯಿಲ್ಲದೆ ಆಗುವಂಥದ್ದಲ್ಲ.

ಶಿಬಿರ ನಡೆಸಲು ಹೊರಗಿನಿಂದ ನವೀನ್ ಸರ್ ಎಂಬುವವರು ಬಂದಿದ್ದರು. ಕೊರಳಲ್ಲಿ ಸೀಟಿ, ತಲೆಗೆ ಟೋಪಿ, ಬಾಯ್ತುಂಬ ‘ಟೀಮ್’. ನಮ್ಮನ್ನು ಎಂಟೆಂಟು ಮಂದಿಯ ಮೂರು ತಂಡ ಮಾಡಿದರು. ಹೆಚ್ಚು ಅಂಕ ಪಡೆದ ತಂಡದ ಮುಂದಾಳೇ ಶಾಲೆಯ ನಾಯಕ. ನಮ್ಮ ತಂಡಕ್ಕೆ ನಾನು ಮುಂದಾಳು. ಮೊದಲ ದಿನ ಹಗ್ಗ ಹತ್ತಿದೆವು, ಟೈರಿನೊಳಗೆ ತೂರಿದೆವು, ಮೊಣಕೈ ತರಚಿಕೊಂಡೆವು. ಎರಡನೆಯ ದಿನ ಬೆಳಗಿನ ಹೊತ್ತಿಗೆ ನಾವೂ ಇನ್ನೊಂದು ತಂಡವೂ ಸಮಸಮ. ಉಳಿದದ್ದು ಒಂದೇ ಆಟ.

ಏಳು ಮಂದಿಯ ಕಣ್ಣಿಗೆ ಬಟ್ಟೆ. ಮುಂದಾಳು ಬಯಲಿನ ಆ ತುದಿಯಲ್ಲಿ ಬಾವುಟ ಹಿಡಿದು ನಿಂತು, ಬರೀ ಸದ್ದು ಮಾಡಿ ತನ್ನವರನ್ನು ಕರೆಸಿಕೊಳ್ಳಬೇಕು. ಮಾತಾಡಿ ದಾರಿ ಹೇಳುವಂತಿಲ್ಲ. ಮಧ್ಯೆ ಬಟ್ಟೆ ಬಿಚ್ಚಿದರೆ ತಂಡವೇ ಔಟ್. ಒಂದು ತಂಡ ಚಪ್ಪಾಳೆ ಆರಿಸಿಕೊಂಡಿತು, ಇನ್ನೊಂದು ತಟ್ಟೆ ಬಡಿಯುವುದನ್ನು. ನಮಗೆ ಏನೂ ಹೊಳೆಯಲಿಲ್ಲ.

“ನಮ್ಮಪ್ಪ ಕುರಿ ಕರೆಯೋ ಕೂಗು ಐತೆ. ಫರ್ಲಾಂಗು ದೂರ ಕೇಳ್ತೈತೆ. ಹೇಳಿಕೊಡ್ಲಾ?” ಎಂದಳು ಪಾಲಮ್ಮ. ಬಿ.ಜಿ. ಕೆರೆ ಹತ್ತಿರದ ಹಟ್ಟಿಯ ಹುಡುಗಿ, ಹಾಸ್ಟೆಲಿನಲ್ಲಿದ್ದು ನಮ್ಮ ಜೊತೆ ಓದುತ್ತಿದ್ದಳು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ‘ಉರ್ರ್ರ್’ ಎಂದು ಗುಡುಗಿಸಿ, ಕೊನೆಗೆ ‘ಹೋಯ್’ ಎಂದು ಮೇಲಕ್ಕೆಸೆಯಬೇಕು.

“ಹಿಂಗ್ ಕೂಗಿದ್ರೆ ಏನರ್ಥ?” ಎಂದೆ.

“ನೀರಿಗೆ ಬರ್ರಿ ಅಂತ. ನಮ್ ಕಡೆ ಎಲ್ರೂ ಹಿಂಗೇ ಕೂಗೋದು.”

ಈ ಕೊನೆಯ ಮಾತು ನಮ್ಮ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ನವೀನ್ ಸರ್ ಸೀಟಿ ಊದಿದರು. ಚಪ್ಪಾಳೆ ಗಾಳಿಗೆ ಚೂರುಚೂರಾಯಿತು. ತಟ್ಟೆಯ ಸದ್ದು ಬಂಡೆಗೆ ಬಡಿದು ಮರುದನಿಸಿ, ತಟ್ಟೆಯವರು ಬಂಡೆ ಕಡೆಗೇ ನಡೆದರು. ನನ್ನ ಕೂಗಿಗೆ ನನ್ನ ಏಳೂ ಜನ ದಾರ ಎಳೆದಂತೆ ನೇರ ಬರುತ್ತಿದ್ದರು. ಗೆದ್ದೆ ಅಂದುಕೊಂಡೆ. ಇನ್ನೂ ಜೋರಾಗಿ ಕೂಗಿದೆ.

ಆಗ ಗುಡ್ಡದ ಮಗ್ಗುಲಿಂದ ಧೂಳು ಎದ್ದಿತು. ಧೂಳಿನ ಮುಂದೆ ಕುರಿ. ನೂರೋ ಇನ್ನೂರೋ; ಹೇಳುವಾಗಲೆಲ್ಲ ನನ್ನ ಮಂದೆಗೆ ಮರಿ ಹುಟ್ಟುತ್ತಲೇ ಇರುತ್ತವೆ. ಎಲ್ಲವೂ ನನ್ನತ್ತಲೇ ಓಡಿ ಬಂದು, ನನಗೂ ನನ್ನ ತಂಡಕ್ಕೂ ನಡುವೆ ತುಂಬಿಕೊಂಡವು. ಕಣ್ಣು ಕಟ್ಟಿದವರು ಉಣ್ಣೆಯಲ್ಲಿ ಸೊಂಟದವರೆಗೆ ಮುಳುಗಿದರು.

“ಯಾವನ್ ಲೇ ಅದು ಕಂಬಳಿ ಹೊದ್ಕೊಂಡು ತಳ್ಳೋದು?” ಎಂದು ಇರ್ಫಾನ್ ಕಿರುಚಿದ. ನಮ್ಮ ತಂಡದ ಬಾಯಿ ಅವನು.

“ಬಟ್ಟೆ ಬಿಚ್ಬೇಡ್ರೋ, ಔಟ್ ಆಗ್ತೀವಿ!” ಎಂದು ಇನ್ಯಾರೋ.

“ಅರೆ, ಔಟ್ ಮನೆ ಹಾಳಾಗ. ಯಾರೋ ನನ್ನ ಕೈ ನೆಕ್ತಾ ಅವ್ರೆ!”

ಕುರಿಗಳ ಹಿಂದೆ ಏದುಸಿರು ಬಿಡುತ್ತಾ ಕುರಿಯವರು ಬಂದರು. ಅಪ್ಪನ ವಯಸ್ಸು, ಹೆಗಲಲ್ಲಿ ಕಂಬಳಿ, ಅಂಗಿ ಜೇಬಿನಲ್ಲಿ ಹಾಡುತ್ತಲೇ ಇದ್ದ ಮೊಬೈಲು. ಮೊದಲು ತೆಲುಗಿನಲ್ಲಿ ಏನೋ ಬೈದುಕೊಂಡು, ಆಮೇಲೆ ಕನ್ನಡಕ್ಕೆ ಬಂದರು.

“ಯಾರವ್ವ ಕೂಗಿದ್ದು?”

“ನಾನು ಮಾಮ.”

“ನೀರೆಲ್ಲೈತೆ?”

“ನೀರಿಲ್ಲ ಮಾಮ. ಇದು ಆಟ.”

“ಆಟಾನಾ?” ಅವರು ಕುರಿಗಳನ್ನು ನೋಡಿದರು, ನನ್ನನ್ನು ನೋಡಿದರು. “ಅವಕ್ಕೆ ಗೊತ್ತೈತಾ ಆಟ ಅಂತ?”

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರು ನಗುತ್ತಿರಲಿಲ್ಲ.

“ಕೂಗಿದ ಮೇಲೆ ಕುಡಿಸ್ಬೇಕು ಕಣವ್ವ. ಇವತ್ತು ಈ ಕೂಗು ಸುಳ್ಳಾಯ್ತು ಅಂದ್ರೆ ನಾಳೆ ನಾನು ಕೂಗಿದ್ರೂ ತಲೆ ಎತ್ತಂಗಿಲ್ಲ. ಆಮೇಲೆ ನಿಮ್ ಸಾರು ಬಂದು ಸೀಟಿ ಊದಿ ಕರೀತಾರಾ?”

ಶಾಲೆಯ ಗೋಡೆ ಪಕ್ಕ ಒಣಗಿದ ಕಲ್ಲುತೊಟ್ಟಿ ಇತ್ತು. ಅಡುಗೆಗೆ ತರಿಸಿದ್ದ ನೀರು ಹಿಂದಿನ ಟ್ಯಾಂಕಿನಲ್ಲಿತ್ತು. ನಡುವೆ ನೂರು ಹೆಜ್ಜೆ. ನನ್ನ ಬಾವುಟಕ್ಕೂ ತಂಡಕ್ಕೂ ನಡುವೆ ಹತ್ತೇ ಹೆಜ್ಜೆ.

“ಗಿರಿಜಾ, ಇನ್ನೊಂದ್ ಸಲ ಕೂಗು, ಕುರಿ ತಳ್ಕೊಂಡೇ ಬಂದ್ಬಿಡ್ತೀವಿ. ನೀರು ಆಮೇಲೆ ನೋಡಾಣ,” ಎಂದ ಇರ್ಫಾನ್. ದೂರದಲ್ಲಿ ಚಪ್ಪಾಳೆಯವರು ತಮ್ಮ ಬಾವುಟದ ದಾರಿ ಹಿಡಿಯುತ್ತಿದ್ದರು.

ಇಲ್ಲಿಂದ ಮುಂದೆ ನನ್ನ ನೆನಪು ಬಹಳ ಸೊಗಸಾಗಿದೆ, ಆದ್ದರಿಂದ ನಂಬುವಂತಿಲ್ಲ. ಅದರಲ್ಲಿ ನಾನು ಬಾವುಟ ನೆಲಕ್ಕೆ ಹಾಕಿ, “ಬಟ್ಟೆ ಬಿಚ್ರಿ ಎಲ್ರೂ,” ಎಂದು ಗಟ್ಟಿಯಾಗಿ ಹೇಳಿ, ಎಲ್ಲರಿಗಿಂತ ಮೊದಲು ಬಕೆಟ್ಟು ಎತ್ತುತ್ತೇನೆ. ಬಕೆಟ್ಟುಗಳು ಬಂದದ್ದಂತೂ ನಿಜ. ಸಾರಿನ ಪಾತ್ರೆ, ಅನ್ನದ ದಬರಿ, ಕೊನೆಗೆ ನಮ್ಮ ಊಟದ ಡಬ್ಬಿಗಳೂ ಬಂದವು. ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ಅರ್ಧ ನೀರು ತೊಟ್ಟಿಗೆ, ಅರ್ಧ ನಮ್ಮ ಮೈಗೆ. ಒದ್ದೆ ಉಣ್ಣೆಯ ವಾಸನೆ, ಹಿಕ್ಕೆಯ ವಾಸನೆ, ಸಾರಿನ ಪಾತ್ರೆಯಿಂದ ಬೆಳ್ಳುಳ್ಳಿ ವಾಸನೆ. ಗೆಲ್ಲಲು ಹೊರಟಿದ್ದ ಚಪ್ಪಾಳೆಯವರು ಗೆದ್ದು ಮುಗಿಸಿ ತಾವೂ ಬಂದು ಸಾಲಿಗೆ ಸೇರಿದರು. ನವೀನ್ ಸರ್ ನಮ್ಮ ಹೆಸರಿನ ಮುಂದೆ ಸೊನ್ನೆ ಬರೆದು, ಹಾಳೆ ಜೇಬಿಗಿಟ್ಟು, ಪ್ಯಾಂಟು ಮಡಚಿ ದಬರಿಯ ಒಂದು ಕಿವಿ ಹಿಡಿದರು. ಇನ್ನೊಂದು ಕಿವಿ ಹಿಡಿದವರು ಕುರಿಯವರು.

“ಹೆಜ್ಜೆ ಸರಿಯಾಗಿ ಹಾಕ್ರಿ ಸಾರ್, ಚೆಲ್ತೈತೆ. ಇಬ್ರು ಹಿಡ್ದಾಗ ಒಬ್ರೇ ಓಡಬಾರ್ದು,” ಎಂದು ಅವರು ಟೀಮಿನ ಪಾಠ ಹೇಳಿದಾಗ ನಾವು ನಕ್ಕು ನಕ್ಕು ನೀರು ಚೆಲ್ಲಿದೆವು.

ಊಟ ಮೂರು ಗಂಟೆಗೆ ಸಿಕ್ಕಿತು. ಆ ಆಟದಲ್ಲಿ ನಾವು ಕೊನೆಯ ಸ್ಥಾನ. ಆಗಸ್ಟ್ ಹದಿನೈದರಂದು ಚಪ್ಪಾಳೆ ತಂಡದ ಹುಡುಗಿ ‘ಸಾವಧಾನ್’ ಎಂದಳು. ನಾಲ್ಕನೇ ಸಾಲಿನಲ್ಲಿ ನನ್ನ ಹಿಮ್ಮಡಿಯೂ ಬಡಿಯಿತು. ಅಂದು ಮನೆಗೆ ಬಂದು ನಾನು ಅತ್ತೆನೆಂದು ಅವ್ವ ಹೇಳುತ್ತಾಳೆ. ಇರಬಹುದು.

ಹೋದ ತಿಂಗಳು ಮೊಳಕಾಲ್ಮೂರಿಗೆ ಹೋಗುವ ಬಸ್ಸು ಹತ್ತಿದರೆ ಕಂಡಕ್ಟರ್ ಪಾಲಮ್ಮ! ಟಿಕೆಟ್ಟು ಹರಿದುಕೊಡುವುದರ ನಡುವೆ ಬಂದು ಬಂದು ಪಕ್ಕ ಕೂತಳು. ನಾನು ಬಾವುಟ ಎಸೆದ ಕತೆ ತೆಗೆದೆ.

“ನೀನೆಲ್ಲಿ ಎಸೆದ್ಯೇ? ಬಾವುಟ ಅಪ್ಕೊಂಡು ಅಳಾ ಮಖ ಮಾಡ್ಕೊಂಡು ನಿಂತಿದ್ದೆ. ಮೊದ್ಲು ಕಣ್ಣಿನ ಬಟ್ಟೆ ಬಿಚ್ಚಿದೋಳು ನಾನು.”

“ತಾನೇ ಮೊದ್ಲು ಅಂತಾನೆ ಇರ್ಫಾನ್.”

“ಅವ್ನು ಕುರಿಗೆ ಹೆದ್ರಿ ಬಿಚ್ಚಿದ್ದು. ಅದು ಲೆಕ್ಕಕ್ಕಿಲ್ಲ,” ಎಂದು ನಕ್ಕು ಮುಂದಿನ ಸೀಟಿಗೆ ಹೋದಳು.

ಮೂವರೂ ಸುಳ್ಳು ಹೇಳುತ್ತಿಲ್ಲ. ಯಾರು ಮೊದಲೆಂದು ಮೂವರಲ್ಲಿ ಯಾರೂ ಆಗ ನೋಡಿಕೊಂಡಿರಲಿಲ್ಲ, ಅಷ್ಟೇ. ನಾಯಕಿಯಾಗಲೆಂದೇ ಹೋದ ನಾನು ಒಂದು ಗಂಟೆ ಕಾಲ, ಯಾರು ಮುಂದೆ ಯಾರು ಹಿಂದೆ ಎಂದು ಒಮ್ಮೆಯೂ ತಿರುಗಿ ನೋಡದೆ ನೀರು ಹೊತ್ತಿದ್ದೆ. ಈಗ ಅದೇ ಗಂಟೆಯೊಳಗೆ ಹೊಕ್ಕು, ಎಲ್ಲರನ್ನೂ ಸರಿಸಿ, ಸಾಲಿನ ಮೊದಲಿಗೆ ಬಂದು ನಿಲ್ಲಲು ನೋಡುತ್ತಿದ್ದೇನೆ.