ಏಳು ದಿನದ ಕ್ವಿನೈನ್

ಚಳಿ ಮೊದಲು ಬಂದದ್ದು ಅಕ್ಕನಿಗೆ. ತವರಿಗೆಂದು ಹಂಸಭಾವಿಯಿಂದ ಬಂದವಳು ನಮ್ಮ ಭತ್ತದ ಕಳೆ ತೆಗೆಯಲು ಹೋಗಿ, ಮಧ್ಯಾಹ್ನವೇ ತಿರುಗಿ ಬಂದು, ಬಿಸಿಲಿನಲ್ಲಿ ಎರಡು ಕಂಬಳಿ ಹೊದ್ದು ನಡುಗುತ್ತ ಕುಳಿತಳು. ಮೂರನೆಯ ದಿನ, ಪರೀಕ್ಷೆಗೆ ಓದಲು ಊರಿಗೆ ಬಂದಿದ್ದ ನನಗೂ ಬಂತು.

ಮಲೇರಿಯಾ.

ಯುದ್ಧದ ಕಾಲ. ಹಾನಗಲ್ಲಿನಲ್ಲಿ ಕ್ವಿನೈನ್ ಸಿಗುವುದೇ ಕಷ್ಟ. ಡಾಕ್ಟರು ಒಬ್ಬರಿಗೆ ಸಾಲುವಷ್ಟು, ಏಳು ದಿನದ ಗುಳಿಗೆ ಕೊಟ್ಟು ಅಪ್ಪನಿಗೆ ಹೇಳಿದರು: "ಇಬ್ಬರಿಗೂ ಹಂಚಬ್ಯಾಡ್ರಿ, ಇಬ್ಬರಿಗೂ ನಾಟಂಗಿಲ್ಲ. ಯಾರಿಗೆ ಭಾಳ ಐತಿ ಅವರಿಗೆ ಮೊದಲ ಕೊಡ್ರಿ. ಹುಬ್ಬಳ್ಳಿಯಿಂದ ಮತ್ತ ಗುಳಿಗಿ ಬಂದಮ್ಯಾಲ ಇನ್ನೊಬ್ಬರಿಗೆ."

ಯಾರಿಗೆ ಹೆಚ್ಚೆಂಬುದು ಕಣ್ಣಿಗೇ ಕಾಣುತ್ತಿತ್ತು. ಅಕ್ಕನಿಗೆ ಕುಳಿತರೆ ಕತ್ತು ನಿಲ್ಲುತ್ತಿರಲಿಲ್ಲ. ನನಗೆ ಮಾತಾಡುವಷ್ಟು ಶಕ್ತಿ ಇತ್ತು.

ಮಾತಾಡಿದೆ.

ಆ ವರ್ಷ ಧಾರವಾಡದ ಕಾಲೇಜಿನಲ್ಲಿ 'ವ್ಯಾಲ್ಯೂ', ಅಂದರೆ ಬೆಲೆ, ಎಂಬ ವಿಷಯದ ಮೇಲೆ ಚರ್ಚಾಸ್ಪರ್ಧೆ ಗೆದ್ದಿದ್ದೆ. ಗಣಿತದವನಿಗೆ ಅದು ಹುಡುಕಿ ತೆಗೆಯುವ ಸಂಖ್ಯೆ, ಚಿತ್ರಗಾರನಿಗೆ ನೆರಳು ಬೆಳಕಿನ ಅಳತೆ, ವ್ಯಾಪಾರಿಗೆ ಪೇಟೆಯ ದರ, ಧರ್ಮ ಹೇಳುವವನಿಗೆ ತೂಗಲಾಗದ್ದು. ಆದ್ದರಿಂದ ಯಾವ ಕ್ಷೇತ್ರವೆಂದು ಮೊದಲು ಹೇಳಿ, ಬೆಲೆ ಆಮೇಲೆ ಕೇಳಿ ಎಂದಿದ್ದೆ. ಆ ವಾದ ತಪ್ಪೆಂದು ಈಗಲೂ ಒಪ್ಪಲಾರೆ. ಆದರೆ ಆ ದಿನ ಕ್ಷೇತ್ರವನ್ನು ನನಗೆ ಲಾಭವಾಗುವಂತೆ ಆರಿಸಿಕೊಂಡವನು ನಾನೇ.

"ಅಪ್ಪಾ, ಡಾಕ್ಟರು ಮೈ ಅಷ್ಟ ನೋಡ್ಯಾರ. ನನ್ನ ಪರೀಕ್ಷೆಗೆ ಇನ್ನ ಹದಿನೈದ ದಿವಸ ಉಳಿದಾವು. ಅಕ್ಕಗ ಏನ ಗಡುವೈತಿ? ಈ ಗುಳಿಗಿ ಉಪಯೋಗ ಯಾರಿಗೆ ಹೆಚ್ಚು?"

ಅವ್ವ ಸಿಟ್ಟಾದಳು. "ಆಕಿ ನಡಗೋದು ಕಾಣವಲ್ದೇನು ನಿನಗ?"

"ನಡಗೋದು ಪುರಾವೆ ಅಲ್ಲವ್ವಾ. ನಾನೂ ನಡಗಾಕತ್ತೇನಿ."

ಕಂಬಳಿಯೊಳಗಿಂದ ಅಕ್ಕನೇ ಅಂದಳು: "ಅವಗ ಕೊಟ್ಟಬಿಡವ್ವಾ. ಇವನ ವಾದ ಕೇಳೋದಕ್ಕಿಂತ ಜ್ವರಾನ ಛಲೋ."

ಅಪ್ಪ ನಕ್ಕುಬಿಟ್ಟ. ಆ ನಗೆಯನ್ನೇ ನಾನು ತೀರ್ಪೆಂದು ತಿಳಿದೆ.

ನುಂಗಿದೆ.

ಕ್ವಿನೈನ್‌ನಿಂದ ಕಿವಿಯಲ್ಲಿ ಗುಂಯ್‌ಗುಡತೊಡಗಿತು. ಗೋಡೆಯಾಚೆ ಅಕ್ಕ ನರಳುತ್ತಿದ್ದಳಂತೆ. ಐದನೆಯ ದಿನ ಅವ್ವನನ್ನೇ "ಯಾರ್ರಿ ನೀವು?" ಎಂದು ಕೇಳಿದಳಂತೆ. ನನಗೆ ಕೇಳಿಸಲಿಲ್ಲ. ಕೇಳಿಸಲಿಲ್ಲವಲ್ಲ ಎಂಬುದನ್ನೂ ಬಹಳ ದಿನ ನನ್ನ ಪರವಾದ ಸಾಕ್ಷಿಯಂತೆ ಇಟ್ಟುಕೊಂಡಿದ್ದೆ.

ಒಂಬತ್ತನೆಯ ದಿನ ಹುಬ್ಬಳ್ಳಿಯ ಗುಳಿಗೆ ಬಂತು. ಅಕ್ಕ ಉಳಿದಳು. ಡಾಕ್ಟರು ಅವಳ ಹೊಟ್ಟೆಯ ಎಡಗಡೆ ಒತ್ತಿ ನೋಡಿ, ಗುಲ್ಮ ಊದಿ ಜ್ವರಗಡ್ಡೆಯಾಗಿದೆ ಎಂದರು. "ಮೊದಲಿನ ಗುಳಿಗಿ ಈಕಿಗೆ ಕೊಡಲಿಲ್ಲೇನ್ರಿ?"

ಅಪ್ಪ ನೆಲ ನೋಡಿದ.

ಪರೀಕ್ಷೆ ಬರೆದೆ. ಪಾಸಾದೆ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಕ್ಕ ಇನ್ನೂ ಗಂಡನ ಮನೆಗೆ ಹೋಗಿಲ್ಲ. ಹತ್ತು ಹೆಜ್ಜೆ ನಡೆದರೆ ಕುಳಿತುಬಿಡುತ್ತಾಳೆ.

ನಿನ್ನೆ ತಪ್ಪೊಪ್ಪಿಕೊಳ್ಳಲು ಹೋದೆ. ಅವಳು ಗೋಡೆ ಹಿಡಿದು ನಿಂತಿದ್ದಳು. "ಅಕ್ಕಾ, ಮೊದಲನೇದಾಗಿ..." ಎಂದು ಬಾಯಿಗೆ ಬಂದುಬಿಟ್ಟಿತು.

"ಎರಡನೇದೂ ಐತೇನೋ? ಲಗೂ ಹೇಳು, ನಿಲ್ಲಾಕ ಆಗವಲ್ದು," ಎಂದು ನಕ್ಕಳು.

ಎರಡನೆಯದು ಇರಲಿಲ್ಲ. ತೋಳು ಕೊಟ್ಟೆ. ಹಿಡಿದುಕೊಂಡಳು. ಹಿತ್ತಲ ಬಾಗಿಲವರೆಗೆ ಹೋಗಿ ಬಂದೆವು.