ಕುರ್ಚಿಯಿಲ್ಲದ ವಾರ್ಡಿನ ದೊಡ್ಡ ಸಿಸ್ಟರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆಂಗಸರ ವಾರ್ಡಿನಲ್ಲಿ ದೊಡ್ಡ ಸಿಸ್ಟರ್ ಲಕ್ವ ಹೊಡೆದ ಅಜ್ಜಿಯೊಬ್ಬರ ಮಗ್ಗಲು ಬದಲಿಸುತ್ತಿದ್ದಾರೆ. ಅಜ್ಜಿಯ ಕೆಳಗೆ ಅಡ್ಡಲಾಗಿ ಹಾಸಿದ ಬಟ್ಟೆಯ ಒಂದು ತುದಿ ಅವರ ಕೈಯಲ್ಲಿದೆ. ಇನ್ನೊಂದು ತುದಿ ಹಿಡಿಯಬೇಕಾದ ನರ್ಸನ್ನು ಆಸ್ಪತ್ರೆಯ ಆಡಳಿತಾಧಿಕಾರಿ ಮೇಲಿನ ಮಹಡಿಗೆ ಕರೆಸಿಕೊಂಡಿದ್ದಾನೆ. ಅಲ್ಲಿರುವುದು ಒಬ್ಬನೇ ರೋಗಿ, ಅವನ ಪರಿಚಯದವನು. ಇಲ್ಲಿ ಮೂವತ್ತೆಂಟು ಮಂದಿ.

ಇವತ್ತು ಆ ತುದಿ ಹಿಡಿದಿರುವುದು ಸಿಸ್ಟರ್ ತಂಗಿಯ ಮಗಳು. ನರ್ಸಿಂಗ್ ಸೇರಲು ಸಂಜೆಯೊಳಗೆ ಅರ್ಜಿ ಹಾಕಬೇಕು. ಹಾಕಲೋ ಬೇಡವೋ ಎಂದು ತಿಂಗಳಿಂದ ಒದ್ದಾಡುತ್ತಿದ್ದಾಳೆ. ಮನೆಯಲ್ಲಿ ಕೂತು ಬುದ್ಧಿ ಹೇಳಲು ದೊಡ್ಡಮ್ಮ ಒಪ್ಪಲಿಲ್ಲ, ವಾರ್ಡಿಗೇ ಕರೆತಂದರು.

“ಮೂಟೆ ಹೊರೋ ಕೆಲ್ಸಕ್ಕೆ ಸೇರ್ತೀಯೇನೆ ಹುಡುಗಿ?” ಅಜ್ಜಿ ಸೊಟ್ಟ ಬಾಯಲ್ಲೇ ಕೆಣಕುತ್ತಾರೆ.

ಸಿಸ್ಟರ್‌ಗೆ ಇಲ್ಲಿ ಇಪ್ಪತ್ತೆರಡು ವರ್ಷ. ನರ್ಸ್‌ಗಳು ಕೂತಿರುತ್ತಾರೆಂದು ಯಾರೋ ದೂರು ಕೊಟ್ಟದ್ದೇ ತಡ, ಆಡಳಿತದವರು ವಾರ್ಡಿನ ಎರಡೂ ಕುರ್ಚಿಗಳನ್ನು ಎತ್ತಿಸಿದ್ದಾರೆ. ಔಷಧಿ, ಜ್ವರ, ಬಿಪಿ ಬರೆಯುವುದೆಲ್ಲ ನಿಂತೇ. ವರ್ಷಕ್ಕೊಮ್ಮೆ ವೇದಿಕೆ ಹತ್ತಿಸಿ ದೇವತೆಯರೆಂದು ಹೊಗಳುವವರೂ ಇವರೇ. ದೇವತೆಗೆ ಸೊಂಟ ನೋಯುವುದಿಲ್ಲವಲ್ಲ, ಎಷ್ಟು ಅನುಕೂಲ.

ಪಕ್ಕದ ಹಾಸಿಗೆಯಾಕೆಯ ಬೆನ್ನ ಕೆಳಗೆ ಅಂಗೈಯಗಲದ ಹುಣ್ಣು. ಅಲುಗಾಡದ ಮೈಯನ್ನು ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಹುಣ್ಣೇಳುತ್ತದೆ, ಒಬ್ಬರೇ ಎಳೆದರೆ ಚರ್ಮ ಸುಲಿಯುತ್ತದೆ. ಕಳೆದ ತಿಂಗಳೊಂದು ದಿನವೂ ಜೊತೆಗಾತಿ ನರ್ಸ್ ಹೀಗೇ ಮೇಲಿನ ಮಹಡಿಯಲ್ಲಿದ್ದಳು. ಸಿಸ್ಟರ್ ಕಾದು ಕಾದು ಈಕೆಯನ್ನು ಒಬ್ಬರೇ ಎಳೆದರು, ಚರ್ಮ ಸುಲಿಯಿತು. ರೋಗಿಯ ಮನೆಯವರು ಕೂಗಾಡಿದಾಗ ಆಡಳಿತಾಧಿಕಾರಿ ಎಲ್ಲರೆದುರು ಸಿಸ್ಟರ್ ಕೈಯಲ್ಲಿ ಕ್ಷಮೆ ಕೇಳಿಸಿದ. ಜೊತೆಗಾತಿಯನ್ನು ಕರೆಸಿಕೊಂಡವನು ತಾನೆಂದು ತುಟಿಪಿಟಕ್ಕೆನ್ನಲಿಲ್ಲ.

ಹುಣ್ಣು ತೊಳೆಯುತ್ತಲೇ ಅವರು ಇದನ್ನೆಲ್ಲ ಹೇಳುತ್ತಾರೆ. ಹುಡುಗಿಯ ಮುಖ ಬಿಳಿಚಿಕೊಂಡಿದೆ, ಆದರೆ ಹುಣ್ಣಿನಿಂದ ಕಣ್ಣು ಕಿತ್ತಿಲ್ಲ. ನಿಜವನ್ನು ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ.

“ಬಾಯಿಗೆ ಬಂದಿತ್ತು. ಕೆಲ್ಸ ಹೋದ್ರೆ ಅಂತ ನುಂಗ್ಕೊಂಡೆ,” ಎನ್ನುತ್ತಾರೆ ಸಿಸ್ಟರ್. “ನೋಡು, ಮಲ, ರಕ್ತ, ಕೀವು, ಇವೆಲ್ಲ ವಾರದಲ್ಲಿ ರೂಢಿ ಆಗುತ್ತೆ. ಅದಕ್ಕೆ ಹೆದರಿ ಬಿಡ್ಬೇಡ. ತಪ್ಪಿಲ್ದೇ ಬೈಸ್ಕೊಳ್ಳೋದೂ ರೂಢಿ ಆಗ್ಬಿಡುತ್ತೆ. ಹೆದರೋದಾದ್ರೆ ಅದಕ್ಕೆ ಹೆದರು.”

ಹುಡುಗಿ ಹತ್ತಿಯ ತಟ್ಟೆಯನ್ನು ಅವರ ಕೈಗೆಟಕುವಂತೆ ಹಿಡಿಯುತ್ತಾಳೆ.

“ನಾನು ಹಾಗೆ ಕ್ಷಮೆ ಕೇಳಲ್ಲ, ದೊಡ್ಡಮ್ಮ.”

ಸಿಸ್ಟರ್ ಪಟ್ಟಿಯ ಕೊನೆಯ ಅಂಚು ಅಂಟಿಸಿ, ಬೆನ್ನಿಗೆ ದಿಂಬು ಒತ್ತುಕೊಡುತ್ತಾರೆ.

“ಹಾಗಿದ್ರೆ ಅರ್ಜಿ ಹಾಕು. ಇಲ್ಲಿಗೆ ಅಂಥವರೇ ಬೇಕಾಗಿರೋದು.”