ಗ್ಲಾಸಿನ ನೀರಲ್ಲಿ ಕೆಂಪು ಹುಡುಕುವ ಬ್ರೀಜ್

ಬೆಳಗಿನ ಐದೂವರೆ. ಮೇಯೋ ಸೀಮೆಯ ಸರೋವರದಂಚಿನ ಮನೆಯಲ್ಲಿ ಬ್ರೀಜ್ ಮಲ್‌ಕ್ರೋನ್ ಕಿಟಕಿಗೆ ಮುಖ ಮಾಡಿ ಕೂತಿದ್ದಾರೆ. ಗಾಳದ ಕೊಕ್ಕೆಗೆ ಸುತ್ತುತ್ತಿರುವುದು ಕಪ್ಪು ತುಪ್ಪಳ, ನಡುವೆ ಕೆಂಪು ಪಟ್ಟಿ, ಮತ್ತೆ ಕಪ್ಪು. ಮೇಲೆ ಬೆಳ್ಳಿ ತಂತಿ, ಹುಂಜದ ಕತ್ತಿನ ಗರಿ. ಟ್ರೌಟ್, ಸಾಲ್ಮನ್ ಮೀನು ಹಿಡಿಯುವವರು ಬಿಬಿಯೊ ಎಂದು ಕರೆಯುವ, ಮೀನನ್ನು ಮರುಳುಗೊಳಿಸುವ ಕೃತಕ ಹುಳು ಇದು. ಕಟ್ಟಿದ್ದನ್ನು ಅವರು ಗ್ಲಾಸಿನ ನೀರಿಗೆ ಹಾಕಿ ನೋಡುತ್ತಾರೆ. ನೀರೊಳಗೆ ಈಜಬೇಕಾದ ಹುಳುವಿನ ಬಣ್ಣವನ್ನು ಒಣಗಿದ್ದಾಗ ನೋಡಿ ಏನು ಪ್ರಯೋಜನ? ಆದರೆ ನಡುವಿನ ಪಟ್ಟಿ ಕೆಂಪೋ ಕಂದೋ ಇವತ್ತು ಅವರಿಗೆ ತಿಳಿಯುತ್ತಿಲ್ಲ. ಕೈ ಮಾತ್ರ ನಿಲ್ಲುವುದಿಲ್ಲ.

ಈ ಕೆಲಸಕ್ಕೆ ಕೂತಾಗ ಬ್ರೀಜ್‌ಗೆ ಹದಿಮೂರು, ಈಗ ಎಪ್ಪತ್ತೊಂದು. ದೋಣಿ ನಡೆಸುತ್ತಿದ್ದ ಅಪ್ಪ ಕಲಿಸಿದ್ದು. ದಿನಕ್ಕೆ ಹನ್ನೆರಡು ಹುಳು, ಭಾನುವಾರ ರಜೆ. ದೊಡ್ಡ ಮೀನು ಬಿದ್ದರೆ ಫೋಟೊದಲ್ಲಿ ಹಿಡಿದವನು ಹಲ್ಲು ಕಿರಿಯುತ್ತಾನೆ. ಹುಳು ಕಟ್ಟಿದವಳ ಹೆಸರು ಯಾರಿಗೆ ಬೇಕು! ಚಳಿಗಾಲದಿಂದ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ನವೆಂಬರ್‌ಗೆ. ಅಲ್ಲಿಯವರೆಗೆ ಯಾರಿಗಾದರೂ ಗೊತ್ತಾದರೆ ಕೆಲಸ ಹೋದಂತೆಯೇ ಎಂಬ ದಿಗಿಲು. ಕೆಂಪು ತುಪ್ಪಳದ ಡಬ್ಬಿ ಎಡಕ್ಕೆ, ಕಂದುಬಣ್ಣದ್ದು ಬಲಕ್ಕೆ ಇಟ್ಟುಕೊಂಡು ಕೈಯಂದಾಜಿನಲ್ಲೇ ದಿನ ದೂಡುತ್ತಿದ್ದಾರೆ. ನಿನ್ನೆ ಕಪಾಟು ಒರೆಸಿದ್ದರು. ಡಬ್ಬಿಗಳನ್ನು ಮತ್ತೆ ಸರಿಯಾಗಿ ಇಟ್ಟೆನೇ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ.

ಏಳಕ್ಕೆ ಓರಗೆಯ ದೋಣಿಯಾಳು ಮಾರ್ಟಿನ್ ಗಿಂಟಿ ಹುಳು ಒಯ್ಯಲು ಬರುತ್ತಾರೆ. ಒಂದು ಹುಳು ತೆಗೆದು, ದೋಣಿಯವರ ರೂಢಿಯಂತೆ ಬಾಯಲ್ಲಿಟ್ಟು ನೆನೆಸಿ, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಾರೆ.

"ಏನೋ ಅದು, ಬಾಯಿ ಬಿಡೋ!"

"ಕಂದು ಹಾಕಿದ್ದೀಯಲ್ಲೇ ಬ್ರೀಜ್. ಹನ್ನೆರಡಕ್ಕೂ." ಆಮೇಲೆ ಮೆತ್ತಗೆ, "ಹೋಗ್ಲಿ ಬಿಡು, ಮೀನೇನು ಬಂದು ದೂರು ಕೊಡುತ್ತಾ? ನಾನು ಒಯ್ತೀನಿ."

"ಇಡು ಕೆಳಗೆ. ಅಪ್ಪನ ಕಾಲದಿಂದ ತಪ್ಪು ಹುಳು ಈ ಹೊಸ್ತಿಲು ದಾಟಿಲ್ಲ." ಬ್ರೀಜ್ ಹುಳುಗಳನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. "ಕೆಂಪು ಕಾಣ್ತಿಲ್ಲ ಮಾರಾಯಾ. ಕಣ್ಣು ಹೋಗ್ತಿದೆ. ಹೋಗು, ಊರೆಲ್ಲ ಡಂಗುರ ಹೊಡಿ."

ಮಾರ್ಟಿನ್ ಡಂಗುರ ಹೊಡೆಯುವುದಿಲ್ಲ. ಎರಡೂ ಡಬ್ಬಿ ತೆರೆದು ನೋಡಿ, ಮುಟ್ಟಿದರೆ ಗುರುತು ಸಿಗಲೆಂದು ಕೆಂಪಿನದಕ್ಕೆ ಜೇಬಿನಲ್ಲಿದ್ದ ಹುರಿ ಸುತ್ತಿ ಬ್ರೀಜ್ ಕೈಗಿಡುತ್ತಾರೆ. ಬ್ರೀಜ್ ಬ್ಲೇಡ್ ತೆಗೆದು ಹನ್ನೆರಡನ್ನೂ ಬರೀ ಕೊಕ್ಕೆ ಉಳಿಯುವಂತೆ ಬಿಚ್ಚಿಹಾಕುತ್ತಾರೆ. ಹೊಸದೊಂದು ಕಟ್ಟಿ ಗ್ಲಾಸಿಗೆ ಬಿಟ್ಟು, ಮಾರ್ಟಿನ್ ಕಡೆ ಸರಿಸುತ್ತಾರೆ.

"ಹೇಳು."

"ಕೆಂಪು. ಅಚ್ಚ ಕೆಂಪು."

"ನವೆಂಬರ್‌ವರೆಗೆ ದಿನಾ ಬಂದು ಹೇಳ್ತೀಯಾ?"

"ಟೀ ಕೊಟ್ರೆ ಬರ್ತೀನಿ. ಆದ್ರೆ ಕಣ್ಣಿನ ಬ್ಯಾಂಡೇಜ್ ಬಿಚ್ಚಿದ ದಿನ ಮೊದ್ಲು ನನ್ನ ಮುಖ ನೋಡ್ಬೇಕು."

"ನಿನ್ನ ಮುಖ ಆಮೇಲೆ ನೋಡಿದ್ರಾಯ್ತು." ಬ್ರೀಜ್ ಗ್ಲಾಸನ್ನು ಕಿಟಕಿಯ ಬೆಳಕಿಗೆ ಎತ್ತುತ್ತಾರೆ. "ಮೊದ್ಲು ಇದನ್ನ ನೋಡ್ಬೇಕು."